ನಿವೃತ್ತಿಯಿಂದ ಎಪ್ಪತ್ತರವರೆಗೆ: ಆಸ್ಪತ್ರೆ ಖರ್ಚಿಗೆ ಸರ್ಕಾರದ ಆಸರೆ ಎಷ್ಟು?

ಪ್ರಶ್ನೆ: ನಾನು ಹರಿಹರದ ಹತ್ತಿರ ಖಾಸಗಿ ಕಾರ್ಖಾನೆಯೊಂದರಲ್ಲಿ 1995ರಿಂದ ಟರ್ನರ್ ಆಗಿದ್ದೇನೆ. ಬರುವ ಮಾರ್ಚ್‌ಗೆ 60 ತುಂಬಿ ನಿವೃತ್ತನಾಗುತ್ತೇನೆ. 2019ರವರೆಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇತ್ತು. ಸಂಬಳ 21,000 ರೂಪಾಯಿ ದಾಟಿದ ಮೇಲೆ ಅದು ನಿಂತಿತು. ಆಗಿನಿಂದ ಕಂಪನಿಯವರೇ 3 ಲಕ್ಷ ರೂಪಾಯಿಯ ಗುಂಪು ವಿಮೆ ಮಾಡಿಸಿದ್ದಾರೆ. ಈಗಿನ ಸಂಬಳ 28,500 ರೂಪಾಯಿ. ನನ್ನ ಹೆಂಡತಿಗೆ 54 ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದೆ. ತಾಯಿಗೆ 78 ವರ್ಷ, ನಮ್ಮ ಜೊತೆಯಲ್ಲೇ ಇದ್ದಾರೆ. ನಮ್ಮದು ಎಪಿಎಲ್ ಕಾರ್ಡ್. 60 ಆದ ಮೇಲೆ ಸರ್ಕಾರವೇ 5 ಲಕ್ಷದವರೆಗೆ ನೋಡಿಕೊಳ್ಳುತ್ತದೆ, ಪ್ರೀಮಿಯಂ ಕಟ್ಟುವುದು ದಂಡ ಎಂದು ಜೊತೆಯ ಕೆಲಸಗಾರರು ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ‘ನನ್ನ ಕಂಪನಿಯ ವಿಮೆಗೆ ನಿಮ್ಮನ್ನು ಸೇರಿಸುತ್ತೇನೆ, ಚಿಂತೆ ಬಿಡಿ’ ಎನ್ನುತ್ತಾನೆ. ಯಾರ ಮಾತು ನಂಬಬೇಕು? ಈಗ ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೇಲ್ನೋಟಕ್ಕೆ ಒಂದೇ ಪ್ರಶ್ನೆ ಕಂಡರೂ ಅದರಲ್ಲಿ ಮೂರು ಜನರ ಮೂರು ಬೇರೆ ಬೇರೆ ಪರಿಸ್ಥಿತಿಗಳಿವೆ. ನಿಮ್ಮ ತಾಯಿಯವರಿಗೆ ಅನ್ವಯಿಸುವ ಯೋಜನೆ ನಿಮಗೆ ಇನ್ನೂ ಹತ್ತು ವರ್ಷ ಅನ್ವಯಿಸುವುದಿಲ್ಲ. ನಿಮಗೆ ಸಿಗಬಹುದಾದ ಸೌಲಭ್ಯ ನಿಮ್ಮ ಹೆಂಡತಿಗೂ ಸಿಗುತ್ತದೆ, ತಾಯಿಯವರಿಗೆ ಸಿಗುವುದಿಲ್ಲ. ಇಪ್ಪತ್ತೆರಡು ವರ್ಷ ಆಸ್ಪತ್ರೆಗಳ ವಿಮಾ ಕೌಂಟರಿನಲ್ಲಿ ಕುಳಿತು ನಾನು ಕಂಡುಕೊಂಡಿರುವುದು ಇಷ್ಟು: ನಿವೃತ್ತರ ಕುಟುಂಬಗಳು ಸಾಲಕ್ಕೆ ಬೀಳುವುದು ಬಹುಪಾಲು 60ರಿಂದ 70ರ ನಡುವೆ. ಆ ಹೊತ್ತಿಗೆ ಕಂಪನಿಯ ವಿಮೆ ಹೋಗಿರುತ್ತದೆ, ಹಿರಿಯರ ಯೋಜನೆಗೆ ವಯಸ್ಸು ಬಂದಿರುವುದಿಲ್ಲ, ಕಾಯಿಲೆಗಳು ಮಾತ್ರ ಬಂದಿರುತ್ತವೆ. ಆ ಹತ್ತು ವರ್ಷಗಳ ವ್ಯವಸ್ಥೆಯನ್ನು ನೀವು ಕೆಲಸದಲ್ಲಿ ಇರುವಾಗಲೇ ಮಾಡಿಕೊಳ್ಳಬೇಕು, ಏಕೆಂದರೆ ಅದಕ್ಕೆ ಬೇಕಾದ ಕಾಗದಗಳಲ್ಲಿ ಹೆಚ್ಚಿನವು ಹೊರಡುವುದು ನಿಮ್ಮ ಕಾರ್ಖಾನೆಯ ಆಫೀಸಿನಿಂದಲೇ.

ಮೊದಲು ನಿಮ್ಮ ಜೊತೆಯ ಕೆಲಸಗಾರರ ಮಾತನ್ನು ತೆಗೆದುಕೊಳ್ಳೋಣ. ಅವರು ಕೇಳಿರುವುದು ಪೂರ್ತಿ ಸುಳ್ಳಲ್ಲ, ಆದರೆ ವಯಸ್ಸು ತಪ್ಪಾಗಿದೆ. ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಎಲ್ಲ ಹಿರಿಯರಿಗೂ, ಅವರ ಆದಾಯ ಎಷ್ಟೇ ಇರಲಿ, ವಿಸ್ತರಿಸಲು ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿತು. ಅದೇ ವರ್ಷ ಅಕ್ಟೋಬರ್ 29ರಂದು ಅದಕ್ಕೆ ಚಾಲನೆ ದೊರೆಯಿತು. ಇದರ ಕಾರ್ಡಿಗೆ ‘ಆಯುಷ್ಮಾನ್ ವಯ ವಂದನಾ ಕಾರ್ಡ್’ ಎಂದು ಹೆಸರು. 60 ತುಂಬಿದವರಿಗೆ ಹಿರಿಯ ನಾಗರಿಕರ ಗುರುತಿನ ಚೀಟಿ ಸಿಗುತ್ತದೆ, ಠೇವಣಿಗೆ ಸ್ವಲ್ಪ ಹೆಚ್ಚಿನ ಬಡ್ಡಿ ಸಿಗುತ್ತದೆ. ಇವುಗಳ ಜೊತೆ 5 ಲಕ್ಷದ ಮಾತೂ ಸೇರಿಕೊಂಡು ಜನರ ಬಾಯಲ್ಲಿ ಎಲ್ಲವೂ ಒಂದೇ ಆಗಿಬಿಟ್ಟಿದೆ. ನಿಮಗೆ 60 ತುಂಬಿದ ಮರುದಿನ ಈ ಕಾರ್ಡಿಗೆ ಅರ್ಜಿ ಹಾಕಿದರೆ ಅದು ಸ್ವೀಕೃತವಾಗುವುದಿಲ್ಲ. ವಯಸ್ಸನ್ನು ಆಧಾರ್‌ನಲ್ಲಿರುವ ಹುಟ್ಟಿದ ದಿನಾಂಕದ ಮೇಲೆಯೇ ಲೆಕ್ಕ ಹಾಕುತ್ತಾರೆ.

ಹಾಗಾದರೆ ಎಪಿಎಲ್ ಕಾರ್ಡಿನ ಮೇಲೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ, ಆದರೆ ಜನ ತಿಳಿದಷ್ಟಲ್ಲ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯನ್ನು ಕೇಂದ್ರದ ಯೋಜನೆಯೊಂದಿಗೆ ಸೇರಿಸಿ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಎಂದು ಮಾಡಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ) ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ ಒಟ್ಟು 1.5 ಲಕ್ಷದ ಮಿತಿಯೊಳಗೆ. ಒಂದು ಶಸ್ತ್ರಚಿಕಿತ್ಸೆಗೆ ಸರ್ಕಾರದ ಪ್ಯಾಕೇಜ್ ದರ 1 ಲಕ್ಷ ಎಂದಿಟ್ಟುಕೊಳ್ಳಿ. 30,000 ಸರ್ಕಾರದ್ದು, 70,000 ನಿಮ್ಮದು. ಇಲ್ಲಿ ‘ಪ್ಯಾಕೇಜ್ ದರ’ ಎಂಬುದನ್ನು ಗಮನಿಸಿ. ಖಾಸಗಿ ಆಸ್ಪತ್ರೆಯ ಮಾಮೂಲಿ ಬಿಲ್ಲಿಗೂ ಈ ದರಕ್ಕೂ ದೊಡ್ಡ ಅಂತರವಿರುತ್ತದೆ, ಮತ್ತು ಶೇಕಡಾ 30ರ ಲೆಕ್ಕ ನಡೆಯುವುದು ಪ್ಯಾಕೇಜಿನ ಮೇಲೆಯೇ ಹೊರತು ಬಿಲ್ಲಿನ ಮೇಲಲ್ಲ.

ಈ ಯೋಜನೆಯಲ್ಲಿ ಇನ್ನೊಂದು ಕಟ್ಟುಪಾಡಿದೆ. ತುರ್ತು ಸಂದರ್ಭವನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಎಂದು ಬರೆದುಕೊಟ್ಟ ರೆಫರಲ್ ಚೀಟಿ ಇದ್ದರೆ ಮಾತ್ರ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಸೌಲಭ್ಯ ಸಿಗುತ್ತದೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾಗಿ, ಮೂರನೆಯ ದಿನ ರೇಷನ್ ಕಾರ್ಡ್ ಹಿಡಿದು ಕೌಂಟರಿಗೆ ಬಂದವರನ್ನು ನಾನು ಪ್ರತಿ ವಾರ ನೋಡುತ್ತಿದ್ದೆ. ಹೊತ್ತು ಮೀರಿದ ಮೇಲೆ ಆರೋಗ್ಯಮಿತ್ರರ (ಈ ಯೋಜನೆಯ ಕೆಲಸಕ್ಕೆಂದು ಆಸ್ಪತ್ರೆಯಲ್ಲಿರುವ ಸಹಾಯಕರ) ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಇರುವುದಿಲ್ಲ.

ನಿವೃತ್ತಿಯಾದ ಮೇಲೆ ಆದಾಯ ಇಳಿಯುತ್ತದಲ್ಲ, ಬಿಪಿಎಲ್‌ಗೆ ಬದಲಾಯಿಸಿಕೊಳ್ಳಬಹುದೇ ಎಂದು ಕೆಲವರು ಕೇಳುತ್ತಾರೆ. ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಮಗನ ಹೆಸರು ನಿಮ್ಮ ಕಾರ್ಡಿನಲ್ಲೇ ಇದ್ದರೆ ಅವರ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಮಧ್ಯವರ್ತಿಗೆ ಹಣ ಕೊಟ್ಟು ಮಾಡಿಸಿದ ಕಾರ್ಡ್ ಪರಿಶೀಲನೆಯಲ್ಲಿ ರದ್ದಾದರೆ, ಆಪರೇಷನ್ ಟೇಬಲ್ಲಿಗೆ ಹೋಗುವ ಹೊತ್ತಿನಲ್ಲಿ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆ ದಾರಿ ಬೇಡ.

ಈಗ ನಿಮ್ಮ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದನ್ನು ಹೇಳುತ್ತೇನೆ. ನೀವು 1995ರಿಂದ 2019ರವರೆಗೆ ಇಎಸ್‌ಐ ವಂತಿಗೆ ಕಟ್ಟಿದ್ದೀರಿ. ಆ ಇಪ್ಪತ್ನಾಲ್ಕು ವರ್ಷಗಳು ಮುಗಿದ ಕತೆ ಎಂದು ನೀವು ತಿಳಿದಿರುವಂತಿದೆ. ಹಾಗೆ ತಿಳಿಯಬೇಕಾಗಿಲ್ಲ.

ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು, ನಿವೃತ್ತಿಯ ವಯಸ್ಸು ತುಂಬಿ ಅಥವಾ ಸ್ವಯಂ ನಿವೃತ್ತಿ ಪಡೆದು ಹೊರಬಂದವರಿಗೆ, ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ರೂಪಾಯಿಯನ್ನು ಮುಂಗಡವಾಗಿ ಕಟ್ಟಿದರೆ, ತಮಗೂ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಲು ಇಎಸ್‌ಐ ನಿಯಮದಲ್ಲೇ ಅವಕಾಶವಿದೆ. ಮಕ್ಕಳಿಗೆ, ತಂದೆ–ತಾಯಿಗೆ ಇದು ಅನ್ವಯಿಸುವುದಿಲ್ಲ. ವಿಮೆದಾರರು ತೀರಿಕೊಂಡರೂ ಅವರ ಸಂಗಾತಿ ವಂತಿಗೆ ಕಟ್ಟಿ ಮುಂದುವರಿಯಬಹುದು.

ಆದರೆ ನಿಮ್ಮಂತಹವರಿಗೆ ಇದರಲ್ಲಿ ಒಂದು ತೊಡಕಿತ್ತು. 2017ರ ಜನವರಿಯಿಂದ ಇಎಸ್‌ಐ ವೇತನ ಮಿತಿ 21,000 ರೂಪಾಯಿ. ವರ್ಷವರ್ಷಕ್ಕೆ ಸಂಬಳ ಏರಿ ಮಿತಿ ದಾಟಿದವರು ನಿವೃತ್ತಿಗೆ ಮೊದಲೇ ಯೋಜನೆಯಿಂದ ಹೊರಗೆ ಬೀಳುತ್ತಿದ್ದರು. ನಿವೃತ್ತಿಯ ದಿನ ಅವರು ವಿಮೆದಾರರಾಗಿ ಉಳಿದಿರುತ್ತಿರಲಿಲ್ಲ, ಹಾಗಾಗಿ 120 ರೂಪಾಯಿಯ ಸೌಲಭ್ಯವೂ ಅವರಿಗೆ ಸಿಗುತ್ತಿರಲಿಲ್ಲ. ಎರಡು ದಶಕ ವಂತಿಗೆ ಕಟ್ಟಿದವರಿಗೆ ಬೇಕಾದ ಹೊತ್ತಿನಲ್ಲಿ ಬಾಗಿಲು ಮುಚ್ಚುತ್ತಿದ್ದುದು ದೊಡ್ಡ ಅನ್ಯಾಯವಾಗಿತ್ತು. 2024ರ ಫೆಬ್ರುವರಿಯಲ್ಲಿ ಇಎಸ್‌ಐ ನಿಗಮ ಈ ನಿಯಮವನ್ನು ಸಡಿಲಿಸಲು ಒಪ್ಪಿಗೆ ಕೊಟ್ಟಿತು. ನಿವೃತ್ತಿಗೆ ಮುನ್ನ ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯ ಉದ್ಯೋಗದಲ್ಲಿದ್ದು, 2012ರ ಏಪ್ರಿಲ್ 1ರ ನಂತರವೂ ಆ ವ್ಯಾಪ್ತಿಯಲ್ಲಿದ್ದು, 2017ರ ಏಪ್ರಿಲ್ 1ರಂದು ಅಥವಾ ಆಮೇಲೆ ನಿವೃತ್ತರಾದವರು, ವೇತನ ತಿಂಗಳಿಗೆ 30,000 ರೂಪಾಯಿ ಮೀರಿರದಿದ್ದರೆ, ವೇತನ ಮಿತಿ ದಾಟಿ ಹೊರಹೋಗಿದ್ದರೂ ವೈದ್ಯಕೀಯ ಸೌಲಭ್ಯಕ್ಕೆ ಅರ್ಹರು. ನಿಮ್ಮ ಸಂಬಳ 28,500. ನೀವು ಬರೆದಿರುವ ವಿವರಗಳ ಪ್ರಕಾರ ನೀವು ಈ ಸಡಿಲಿಕೆಯೊಳಗೆ ಬರುತ್ತೀರಿ.

ನಿಮ್ಮ ಮನೆಗೆ ಇದು ಏಕೆ ಇಷ್ಟು ಮುಖ್ಯ ಎಂಬುದನ್ನೂ ಹೇಳಬೇಕು. ಆಯುಷ್ಮಾನ್ ಕಾರ್ಡ್ ಆಗಲಿ, ಹೆಚ್ಚಿನ ಖಾಸಗಿ ಪಾಲಿಸಿಗಳಾಗಲಿ, ಆಸ್ಪತ್ರೆಗೆ ದಾಖಲಾದ ಖರ್ಚನ್ನು ನೋಡಿಕೊಳ್ಳುತ್ತವೆ. ಸಕ್ಕರೆ ಕಾಯಿಲೆಯ ಖರ್ಚು ಬರುವುದು ಹಾಗಲ್ಲ. ಪ್ರತಿ ತಿಂಗಳ ಮಾತ್ರೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ, ಮುಂದೊಂದು ದಿನ ಇನ್ಸುಲಿನ್. ಇವೆಲ್ಲವೂ ಹೊರರೋಗಿ ವಿಭಾಗದ ಖರ್ಚುಗಳು. ನಾನು ಹೇಳಿದ ಯೋಜನೆಗಳಲ್ಲಿ ಡಿಸ್ಪೆನ್ಸರಿಯ ಔಷಧದಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಎಲ್ಲವನ್ನೂ ಒಳಗೊಳ್ಳುವುದು ಇಎಸ್‌ಐ ಒಂದೇ. ನಿಮ್ಮ ಹೆಂಡತಿಯವರಿಗೆ ಈಗಿರುವ ಕಾಯಿಲೆ ಅಲ್ಲಿ ಅಡ್ಡಿಯಾಗುವುದಿಲ್ಲ, ಕಾಯುವ ಅವಧಿಯ (ಪಾಲಿಸಿ ಮಾಡಿಸಿದ ಮೇಲೆ ಹಳೆಯ ಕಾಯಿಲೆಗೆ ಹಣ ಸಿಗದ ವರ್ಷಗಳ) ಪ್ರಶ್ನೆಯೂ ಏಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಕೌಂಟರಿಗೆ ನಿವೃತ್ತ ಬಾಯ್ಲರ್ ಆಪರೇಟರ್ ಒಬ್ಬರು ಬಂದಿದ್ದರು. ಬಟ್ಟೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಕವರಿನಲ್ಲಿ ಹೆಂಡತಿಯ ಡಯಾಲಿಸಿಸ್ ಚೀಟಿಗಳು, ಮೆಡಿಕಲ್ ಸ್ಟೋರಿನ ಬಿಲ್ಲುಗಳು, ಎಲ್ಲಕ್ಕಿಂತ ಕೆಳಗೆ ಅಂಚು ಸವೆದ ಇಎಸ್‌ಐ ಗುರುತಿನ ಕಾರ್ಡ್. ‘ಇದು ಹಳೇದು ಸರ್, ಸುಮ್ನೆ ಇಟ್ಕೊಂಡಿದೀನಿ’ ಎಂದರು. ಇಪ್ಪತ್ತೇಳು ವರ್ಷ ವಂತಿಗೆ ಕಟ್ಟಿ, ಇಎಸ್‌ಐನಲ್ಲಿರುವಾಗಲೇ ನಿವೃತ್ತರಾದವರು. ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ಶಾಲು, ಹಾರ ಹಾಕಿ ಕಳಿಸಿದ್ದರು. ಈ ಸೌಲಭ್ಯ ಇದೆ ಎಂದು ಯಾರೂ ಹೇಳಿರಲಿಲ್ಲ. ಎರಡು ವರ್ಷದ ಔಷಧದ ಬಿಲ್ಲುಗಳನ್ನು ನಾನೇ ಕೂಡಿಸಿ ನೋಡಿದೆ. ಗ್ರಾಚ್ಯುಟಿ ಹಣದ ಅರ್ಧ ಅದರಲ್ಲೇ ಕರಗಿತ್ತು. ಇಎಸ್‌ಐ ಶಾಖಾ ಕಚೇರಿಯಲ್ಲಿ ಅರ್ಜಿ ಕೊಟ್ಟು 120 ರೂಪಾಯಿ ಕಟ್ಟಿದ ಮೇಲೆ ಅವರಿಗೆ ಸೌಲಭ್ಯ ಸಿಕ್ಕಿತು. ಹೋದ ಹಣ ಹೋಗಿಯೇ ಬಿಟ್ಟಿತ್ತು.

ಇಎಸ್‌ಐನಲ್ಲಿ ಕುಂದುಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಡಿಸ್ಪೆನ್ಸರಿಯಲ್ಲಿ ಕೆಲವು ಔಷಧಗಳು ಕೆಲವು ವಾರ ಇರುವುದಿಲ್ಲ. ದಾವಣಗೆರೆಯ ಇಎಸ್‌ಐ ಆಸ್ಪತ್ರೆಯಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ರೆಫರಲ್ ಪಡೆದು ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬೇಕಾಗಬಹುದು. ರೆಫರಲ್ ಇಲ್ಲದೆ ನಿಮಗೆ ಬೇಕಾದ ಆಸ್ಪತ್ರೆಗೆ ಹೋದರೆ ಖರ್ಚು ನಿಮ್ಮದೇ. ಪ್ರತಿ ವರ್ಷ ನವೀಕರಿಸುವುದನ್ನು ಮರೆತರೆ, ಮರೆತ ಅವಧಿಯಲ್ಲಿ ಬಂದ ಕಾಯಿಲೆಗೆ ಆಸರೆ ಇರುವುದಿಲ್ಲ. ಇಷ್ಟೆಲ್ಲ ಇದ್ದರೂ, ನಿಮ್ಮ ಪರಿಸ್ಥಿತಿಯಲ್ಲಿ ನಾನು ಮೊದಲು ಹಿಡಿಯುವ ದಾರಿ ಇದೇ.

ಆದ್ದರಿಂದ ಮಾರ್ಚ್‌ವರೆಗೆ ಕಾಯದೆ ಈಗಲೇ ಎಚ್‌ಆರ್ ವಿಭಾಗಕ್ಕೆ ಲಿಖಿತವಾಗಿ ಕೇಳಿ. ನಿಮ್ಮ ಇಎಸ್‌ಐ ವಿಮಾ ಸಂಖ್ಯೆ, ವಂತಿಗೆ ಕಟ್ಟಿದ ವರ್ಷಗಳ ವಿವರ, ಯಾವ ತಿಂಗಳಿನಿಂದ ವೇತನ ಮಿತಿ ದಾಟಿ ವ್ಯಾಪ್ತಿಯಿಂದ ಹೊರಬಂದಿರಿ ಎಂಬ ದಾಖಲೆ, ಕೊನೆಯ ತಿಂಗಳುಗಳ ವೇತನ ಚೀಟಿ, ಮತ್ತು ನೀವು ವಯೋನಿವೃತ್ತಿ ಹೊಂದುತ್ತಿದ್ದೀರಿ ಎಂದು ಸ್ಪಷ್ಟವಾಗಿ ಬರೆದ ಪತ್ರ ನಿಮಗೆ ಬೇಕು. ‘ಕೆಲಸದಿಂದ ಬಿಡುಗಡೆ ಮಾಡಲಾಗಿದೆ’ ಎಂದಷ್ಟೇ ಬರೆದ ಪತ್ರವನ್ನು ಒಪ್ಪಿಕೊಂಡು ಬರಬೇಡಿ. ಶಾಖಾ ಕಚೇರಿಯವರು ನೋಡುವುದು ವಯೋನಿವೃತ್ತಿಯ ಪುರಾವೆಯನ್ನು. ಹಳೆಯ ಇಎಸ್‌ಐ ದಾಖಲೆಯಲ್ಲಿ ಹೆಂಡತಿಯವರ ಹೆಸರು ಹೇಗಿದೆ ಎಂದೂ ನೋಡಿ. ಒಂದರಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇರುತ್ತದೆ, ಆಧಾರ್‌ನಲ್ಲಿ ಅದು ಬಿಟ್ಟುಹೋಗಿ ಇನಿಷಿಯಲ್ ಬಂದಿರುತ್ತದೆ. ಇಷ್ಟಕ್ಕೇ ಅರ್ಜಿಗಳು ತಿಂಗಳುಗಟ್ಟಲೆ ನಿಂತದ್ದನ್ನು ಕಂಡಿದ್ದೇನೆ.

ನಿಮ್ಮ ಮಗನ ಮಾತಿಗೆ ಬರೋಣ. ಅದು ಪ್ರೀತಿಯ ಮಾತು, ಒಪ್ಪಿಕೊಳ್ಳಬೇಕಾದ ಮಾತೂ ಹೌದು. ಕಂಪನಿಗಳ ಗುಂಪು ವಿಮೆಯಲ್ಲಿ ತಂದೆ–ತಾಯಿಯನ್ನು ಸೇರಿಸಲು ಅವಕಾಶವಿದ್ದಾಗ ಸಾಮಾನ್ಯವಾಗಿ ಹಳೆಯ ಕಾಯಿಲೆಗಳೂ ಮೊದಲ ದಿನದಿಂದಲೇ ಒಳಗೊಳ್ಳುತ್ತವೆ. ಹೀಗಾಗಿ ಸೇರಿಸಲಿ. ಆದರೆ ಆ ವಿಮೆ ಮಗನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಅವರು ಕೆಲಸ ಬದಲಾಯಿಸಿದರೆ, ಹೊಸ ಕಂಪನಿಯಲ್ಲಿ ಹೆತ್ತವರನ್ನು ಸೇರಿಸುವ ಸೌಲಭ್ಯ ಇಲ್ಲದಿದ್ದರೆ, ಅಥವಾ ನಡುವೆ ಎರಡು ತಿಂಗಳು ಕೆಲಸವಿಲ್ಲದಿದ್ದರೆ, ನಿಮ್ಮ ರಕ್ಷಣೆಯೂ ಅಲ್ಲಿಗೇ ನಿಲ್ಲುತ್ತದೆ. ಅದನ್ನು ಎರಡನೆಯ ಆಸರೆಯಾಗಿ ಇಟ್ಟುಕೊಳ್ಳಿ. ಅದೊಂದನ್ನೇ ನೆಚ್ಚಿ ಕೂರಬೇಡಿ.

ನಿಮ್ಮ ಕಾರ್ಖಾನೆಯ ಗುಂಪು ವಿಮೆ ನಿಮ್ಮ ಕೆಲಸದ ಕೊನೆಯ ದಿನದೊಂದಿಗೆ ಮುಗಿಯುತ್ತದೆ. ಪಾಲಿಸಿಯ ವರ್ಷ ಜೂನ್‌ವರೆಗಿದೆ, ಅಲ್ಲಿಯವರೆಗೆ ನಡೆಯುತ್ತದೆ ಎಂದು ಭಾವಿಸಿ ಮೋಸಹೋದವರಿದ್ದಾರೆ. ಹಾಗಿದ್ದರೂ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಬಹುದು. ಹಾಗೆ ಹೋದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಹಳೆಯ ಕಾಯಿಲೆಯ ಕಾಯುವ ಅವಧಿಯಲ್ಲಿ ಜಮೆಯಾಗುತ್ತವೆ. ನಿವೃತ್ತಿಯಾಗಿ ಆರು ತಿಂಗಳ ನಂತರ ಹೊಸದಾಗಿ ಪಾಲಿಸಿ ಮಾಡಿಸಿದರೆ ಈ ಜಮೆ ಸಿಗುವುದಿಲ್ಲ. ಕನಿಷ್ಠ ಎರಡು ತಿಂಗಳು ಮುಂಚೆ, ಅಂದರೆ ಜನವರಿಯಲ್ಲೇ ಅರ್ಜಿ ಹಾಕಿ. ಪ್ರೀಮಿಯಂ ಎಷ್ಟು, ಯಾವ ಷರತ್ತು ಎಂಬುದನ್ನು ವಿಮಾ ಕಂಪನಿ ಆರೋಗ್ಯ ತಪಾಸಣೆ ನೋಡಿ ಹೇಳುತ್ತದೆ.

60 ದಾಟಿದ ಸಕ್ಕರೆ ಕಾಯಿಲೆಯವರಿಗೆ ಯಾರೂ ಪಾಲಿಸಿ ಕೊಡುವುದಿಲ್ಲ ಎಂಬುದು ಹಳೆಯ ಮಾತು. 2024ರ ಏಪ್ರಿಲ್‌ನಿಂದ ಪಾಲಿಸಿ ಕೊಳ್ಳಲು ವಯಸ್ಸಿನ ಮೇಲ್ಮಿತಿ ಹಾಕುವಂತಿಲ್ಲ. ಹಳೆಯ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 4 ವರ್ಷವಿದ್ದದ್ದು 3 ವರ್ಷಕ್ಕೆ ಇಳಿದಿದೆ. 60 ಮೀರಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರವನ್ನು ಕೇಳಬೇಕು ಎಂದು 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18ರ ಜಿಎಸ್‌ಟಿಯೂ ಇಲ್ಲ. ಇಷ್ಟಾದರೂ ಈ ವಯಸ್ಸಿನ ದಂಪತಿಗೆ ಪ್ರೀಮಿಯಂ ಹಗುರವಲ್ಲ, ಮತ್ತು ಪಿಂಚಣಿಯೆಂದು ಕೆಲವೇ ಸಾವಿರ ಬರುವ ಮನೆಯಲ್ಲಿ ಅದನ್ನು ಹತ್ತು ವರ್ಷ ಬಿಡದೆ ಕಟ್ಟಲು ಸಾಧ್ಯವೇ ಎಂದು ಮೊದಲೇ ಯೋಚಿಸಬೇಕು. ನಾಲ್ಕು ವರ್ಷ ಕಟ್ಟಿ ಐದನೆಯ ವರ್ಷ ಬಿಟ್ಟರೆ ಕಟ್ಟಿದ್ದೆಲ್ಲ ವ್ಯರ್ಥವಾಗುತ್ತದೆ. ಮಗ ಅದರ ಹೊಣೆ ಹೊರುವುದಾದರೆ 3 ಲಕ್ಷದ ಸಣ್ಣ ಪಾಲಿಸಿಯನ್ನು ವರ್ಗಾವಣೆಯ ಮೂಲಕ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಅರ್ಜಿಯಲ್ಲಿ ಹೆಂಡತಿಯವರ ಸಕ್ಕರೆ ಕಾಯಿಲೆಯನ್ನು ಎಂಟು ವರ್ಷದ್ದು ಎಂದೇ ಬರೆಯಿರಿ. ಏಜೆಂಟರು ‘ಅದನ್ನು ಬರೆಯುವುದು ಬೇಡ’ ಎಂದರೆ ಕೇಳಬೇಡಿ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ವೈದ್ಯರು ‘8 ವರ್ಷದಿಂದ ಮಧುಮೇಹ’ ಎಂದು ಬರೆದ ಆ ಒಂದು ಸಾಲಿನಿಂದ ಕ್ಲೇಮ್ ತಿರಸ್ಕೃತವಾಗುತ್ತದೆ, ಆಗ ಏಜೆಂಟರು ಪಕ್ಕದಲ್ಲಿ ಇರುವುದಿಲ್ಲ.

ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಯೋಜನೆಯ ಬಗ್ಗೆಯೂ ನಿಮಗೆ ಯಾರಾದರೂ ಹೇಳಬಹುದು. 2018ರಲ್ಲಿ ನಿಂತಿದ್ದ ಅದು 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನೀವು ಸದಸ್ಯರಾಗಿದ್ದರೆ, ನೋಂದಣಿ ತೆರೆಯುವ ತಿಂಗಳುಗಳಲ್ಲಿ ಕಾರ್ಯದರ್ಶಿಯವರನ್ನು ಕೇಳಿ. ಬೇರೆ ಆರೋಗ್ಯ ಯೋಜನೆಯಲ್ಲಿರುವವರಿಗೆ ಅದರಲ್ಲಿ ನಿರ್ಬಂಧವಿದೆ. ಇಎಸ್‌ಐ ಸಿಗುವುದಾದರೆ ಅದನ್ನು ಬಿಟ್ಟು ಇದಕ್ಕೆ ಹೋಗುವುದು ನಿಮಗೆ ಲಾಭವಲ್ಲ.

ಇನ್ನು ನಿಮ್ಮ ತಾಯಿಯವರು. ನೀವು ಅವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಆದರೆ ಆ 5 ಲಕ್ಷದ ಯೋಜನೆ ನಿಮ್ಮ ಮನೆಯಲ್ಲಿ ಇವತ್ತೇ ಅನ್ವಯಿಸುವುದು ಅವರಿಗೆ ಮಾತ್ರ. 78 ವರ್ಷವಾಗಿರುವುದರಿಂದ ನಿಮ್ಮ ಎಪಿಎಲ್ ಕಾರ್ಡ್ ಅವರ ಅರ್ಹತೆಗೆ ಅಡ್ಡಿಯಲ್ಲ. ಕಾಯುವ ಅವಧಿ ಇಲ್ಲ, ಪ್ರೀಮಿಯಂ ಇಲ್ಲ, ಇರುವ ಕಾಯಿಲೆಗಳೂ ಸೇರುತ್ತವೆ. ಆದರೆ ವೆಚ್ಚ ಹಂಚಿಕೆಯ ಬಗ್ಗೆ ರಾಜ್ಯಕ್ಕೂ ಕೇಂದ್ರಕ್ಕೂ ಭಿನ್ನಾಭಿಪ್ರಾಯ ಬಂದು ಕರ್ನಾಟಕದಲ್ಲಿ ಇದರ ಜಾರಿ ತಡವಾಯಿತು. ಈ ಕಾರಣದಿಂದ ಕಾರ್ಡ್ ಕೈಯಲ್ಲಿದೆ ಎಂಬ ಒಂದೇ ಧೈರ್ಯದ ಮೇಲೆ ಅವರನ್ನು ದಾಖಲಿಸಬೇಡಿ. ನೀವು ಹೋಗಬೇಕೆಂದಿರುವ ಆಸ್ಪತ್ರೆಯ ಆರೋಗ್ಯಮಿತ್ರರನ್ನು, ‘70 ಮೀರಿದವರ ವಯ ವಂದನಾ ಕಾರ್ಡಿಗೆ ಇಲ್ಲಿ ಮಂಜೂರಾತಿ ಸಿಗುತ್ತದೆಯೇ?’ ಎಂದು ನೇರವಾಗಿ ಕೇಳಿ. 14555 ಸಹಾಯವಾಣಿಗೂ ಕರೆ ಮಾಡಿ ನೋಡಿ. ಅಲ್ಲಿ ಆಗದಿದ್ದರೆ ರೆಫರಲ್ ಪಡೆದು ಎಪಿಎಲ್ ಕಾರ್ಡಿನ ಶೇಕಡಾ 30ರ ದಾರಿ ಉಳಿದೇ ಇರುತ್ತದೆ.

ಕಾರ್ಡ್ ಮಾಡಿಸುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಿ. ಚನ್ನಗಿರಿ ಕಡೆಯ ಹಳ್ಳಿಗಳಿಂದ ಬರುತ್ತಿದ್ದ, ಜೀವಮಾನವೆಲ್ಲ ಅಡಿಕೆ ಸುಲಿದ ಅಜ್ಜಿಯರ ಬೆರಳಚ್ಚನ್ನು ನಮ್ಮ ಯಂತ್ರ ಓದುತ್ತಲೇ ಇರಲಿಲ್ಲ. ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿರುತ್ತಿದ್ದವು. ಸೆರಗಿನಿಂದ ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದರು, ಯಂತ್ರದ ಕೆಂಪು ದೀಪ ಹಾಗೆಯೇ ಉರಿಯುತ್ತಿತ್ತು. ಈಗ ಆಯುಷ್ಮಾನ್ ಆ್ಯಪ್‌ನಲ್ಲಿ ಮುಖ ಗುರುತಿಸುವ ವಿಧಾನವೂ ಇದೆ, ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಒಟಿಪಿಯೂ ಆಗುತ್ತದೆ. ಈ ಭಾನುವಾರ ಮಗ ಊರಿಗೆ ಬಂದರೆ ಅಜ್ಜಿಯ ಆಧಾರ್‌ಗೆ ಯಾವ ಮೊಬೈಲ್ ಸಂಖ್ಯೆ ಸೇರಿದೆ, ಹುಟ್ಟಿದ ದಿನಾಂಕ ಸರಿಯಿದೆಯೇ ಎಂದು ನೋಡಿಸಿ. ಹಳೆಯ ಸಂಖ್ಯೆ ಇದ್ದರೆ ಸೋಮವಾರವೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬದಲಾಯಿಸಿ, ಕಾರ್ಡಿನ ಅರ್ಜಿಯನ್ನು ಆಮೇಲೆ ಹಾಕಿ.